ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ಅಮ್ಮನಿಗೆ ಯಾವ ವಿಮೆ? ಬಿಪಿ, ಶುಗರ್ ಇದ್ದವರು ತಿಳಿದಿರಬೇಕಾದ ಲೆಕ್ಕ

ಮಗಳ ಬಾಣಂತನಕ್ಕೆಂದೋ ಮೊಮ್ಮಗುವನ್ನು ನೋಡಿಕೊಳ್ಳಲೆಂದೋ ಆರು ತಿಂಗಳಿಗೆ ಅಮೆರಿಕಕ್ಕೆ ಹೊರಡುವ ಅಪ್ಪ-ಅಮ್ಮಂದಿರಲ್ಲಿ ಬಹಳಷ್ಟು ಮಂದಿ ಅರವತ್ತು ದಾಟಿದವರು. ಬಿಪಿಗೋ ಶುಗರಿಗೋ ಥೈರಾಯ್ಡಿಗೋ ದಿನಾ ಮಾತ್ರೆ ನುಂಗುವವರು. ವೀಸಾ ಆಗಿ, ಟಿಕೆಟ್ ಆಗಿ, ಚಟ್ನಿಪುಡಿ-ಸಾರಿನಪುಡಿ ಕಟ್ಟಿಟ್ಟ ಮೇಲೆ ಕೊನೆಯ ವಾರದಲ್ಲಿ ವಿಮೆಯ ನೆನಪಾಗುತ್ತದೆ. ಆಗ ಎಲ್ಲರ ಕಣ್ಣೂ ಮೊದಲು ಹೋಗುವುದು ಮೊತ್ತದ ಮೇಲೆ: 50,000 ಡಾಲರೋ, 1 ಲಕ್ಷವೋ, 5 ಲಕ್ಷವೋ? ಆದರೆ ಆಸ್ಪತ್ರೆ ಬಿಲ್ ಬಂದ ದಿನ ಕಂಪನಿ ಹಣ ಕೊಡುತ್ತದೋ ಇಲ್ಲವೋ ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದು, ಮೊದಲೇ ಇದ್ದ ಕಾಯಿಲೆಯ ಬಗ್ಗೆ ಪಾಲಿಸಿಯ ಒಳಪುಟಗಳಲ್ಲಿ ಬರೆದಿರುವ ಕೆಲವು ಸಾಲುಗಳು. ಆ ಸಾಲುಗಳನ್ನು ಓದಿಕೊಳ್ಳಲು ಬೇಕಾದಷ್ಟು ಹಿನ್ನೆಲೆ ಇಲ್ಲಿದೆ.

ಅಲ್ಲಿ ಆಸ್ಪತ್ರೆಯ ಹಣ ಯಾರು ಕೊಡುತ್ತಾರೆ?

ಅಪ್ಪ-ಅಮ್ಮ ಹೋಗುವುದು ಸಾಮಾನ್ಯವಾಗಿ ಬಿ-2 ಎಂಬ ಸಂದರ್ಶಕರ ವೀಸಾದಲ್ಲಿ. ಈ ವೀಸಾಕ್ಕೆ ವಿಮೆ ಕಡ್ಡಾಯವಲ್ಲ. ಹಾಗಾಗಿ ವಿಮಾನ ನಿಲ್ದಾಣದಲ್ಲಿ ಯಾರೂ ಕೇಳುವುದಿಲ್ಲ. ಆದರೆ ಸಂದರ್ಶಕರ ಚಿಕಿತ್ಸೆಗೆ ಅಲ್ಲಿನ ಸರ್ಕಾರ ಹಣ ಕೊಡುವುದಿಲ್ಲ. ಮಗ ಅಥವಾ ಮಗಳ ಕಂಪನಿ ಕೊಡುವ ಆರೋಗ್ಯ ವಿಮೆಗೆ ಗಂಡ-ಹೆಂಡತಿಯನ್ನೂ 26 ವರ್ಷದವರೆಗಿನ ಮಕ್ಕಳನ್ನೂ ಸೇರಿಸಬಹುದು. ಬೆಂಗಳೂರಿನ ಎಷ್ಟೋ ಕಂಪನಿಗಳಲ್ಲಿ ಮಾಡುವಂತೆ ತಂದೆ-ತಾಯಿಯನ್ನು ಸೇರಿಸಲು ಅಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. 65 ದಾಟಿದವರಿಗಿರುವ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆಯೂ ಸಂದರ್ಶಕರಿಗೆ ಸಿಗುವುದಿಲ್ಲ. ಗ್ರೀನ್ ಕಾರ್ಡ್ ಪಡೆದ ಅಪ್ಪ-ಅಮ್ಮ ಕೂಡ ಅಲ್ಲಿ ದುಡಿದ ದಾಖಲೆ ಇಲ್ಲದಿದ್ದರೆ, ಐದು ವರ್ಷ ಸತತವಾಗಿ ವಾಸವಿದ್ದ ಮೇಲಷ್ಟೇ ಹಣ ಕಟ್ಟಿ ಅದಕ್ಕೆ ಸೇರಬಹುದು.

1986ರಲ್ಲಿ ಬಂದ ಎಮ್ಟಾಲಾ ಎಂಬ ಕಾನೂನಿನ ಪ್ರಕಾರ, ತುರ್ತು ಚಿಕಿತ್ಸಾ ವಿಭಾಗವಿರುವ ಬಹುತೇಕ ಎಲ್ಲ ಆಸ್ಪತ್ರೆಗಳೂ ಬಂದ ರೋಗಿಯನ್ನು ಪರೀಕ್ಷಿಸಿ, ಪ್ರಾಣಾಪಾಯವಿದ್ದರೆ ಸ್ಥಿತಿ ಸುಧಾರಿಸುವಷ್ಟು ಚಿಕಿತ್ಸೆ ಕೊಡಲೇಬೇಕು. ಹಣವಿದೆಯೇ, ವಿಮೆಯಿದೆಯೇ ಎಂದು ಕೇಳಿ ಬಾಗಿಲಿನಿಂದ ಹಿಂದೆ ಕಳಿಸುವಂತಿಲ್ಲ. ಆದ್ದರಿಂದ ಎದೆನೋವು ಬಂದಾಗ ವಿಮೆ ಇಲ್ಲವೆಂದು ಮನೆಯಲ್ಲೇ ಕೂರಿಸಬೇಡಿ. ಆದರೆ ಆ ಕಾನೂನು ಚಿಕಿತ್ಸೆಯನ್ನು ಉಚಿತ ಮಾಡಿಲ್ಲ. ಬಿಲ್ ಆಮೇಲೆ ಬರುತ್ತದೆ, ಅದೂ ಒಂದೇ ಬಿಲ್ ಅಲ್ಲ. ಆಸ್ಪತ್ರೆಯದು ಒಂದು, ತುರ್ತು ವಿಭಾಗದ ವೈದ್ಯರದು ಇನ್ನೊಂದು, ಸ್ಕ್ಯಾನ್ ಓದಿದವರದು, ಅರಿವಳಿಕೆ ಕೊಟ್ಟವರದು, ಆಂಬುಲೆನ್ಸಿನದು ಹೀಗೆ ಬೇರೆಬೇರೆ ಲಕೋಟೆಗಳಲ್ಲಿ, ಕೆಲವು ತಿಂಗಳುಗಳ ನಂತರವೂ ಬರುತ್ತಿರುತ್ತವೆ.

ಎರಡು ಬಗೆಯ ಪಾಲಿಸಿ

ಸಂದರ್ಶಕರಿಗೆಂದು ಮಾರುವ ಪಾಲಿಸಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಫಿಕ್ಸೆಡ್ ಬೆನಿಫಿಟ್. ಇದರಲ್ಲಿ ಪ್ರತಿಯೊಂದು ಸೇವೆಗೂ ಕಂಪನಿ ಇಂತಿಷ್ಟೇ ಕೊಡುವುದೆಂದು ಮೊದಲೇ ಪಟ್ಟಿ ಮಾಡಿರುತ್ತದೆ: ಆಸ್ಪತ್ರೆ ವಾಸಕ್ಕೆ ದಿನಕ್ಕಿಷ್ಟು, ಶಸ್ತ್ರಚಿಕಿತ್ಸೆಗಿಷ್ಟು, ಸ್ಕ್ಯಾನ್‌ಗಿಷ್ಟು. ನಿಜವಾದ ಖರ್ಚು ಅದಕ್ಕಿಂತ ಜಾಸ್ತಿಯಾದರೆ ಉಳಿದದ್ದು ಮನೆಯವರ ತಲೆಗೆ. ಇನ್ನೊಂದು ಕಾಂಪ್ರಹೆನ್ಸಿವ್. ಇದರಲ್ಲಿ ಸೇವೆಗೊಂದು ಮಿತಿ ಹಾಕುವುದು ಕಡಿಮೆ. ಒಟ್ಟು ಬಿಲ್ಲಿನಲ್ಲಿ ನಿಮ್ಮ ಪಾಲು ಕಳೆದು, ಉಳಿದದ್ದನ್ನು ಪಾಲಿಸಿಯ ಗರಿಷ್ಠ ಮೊತ್ತದವರೆಗೆ ಕಂಪನಿ ಭರಿಸುತ್ತದೆ. ಮೊದಲನೆಯದರ ಪ್ರೀಮಿಯಂ ಕಡಿಮೆ, ಎರಡನೆಯದರದು ಜಾಸ್ತಿ.

ಫಿಕ್ಸೆಡ್ ಪಾಲಿಸಿಯ ಮೇಲೂ 1 ಲಕ್ಷ ಡಾಲರ್ ಎಂದು ದೊಡ್ಡದಾಗಿ ಬರೆದಿರುತ್ತದೆ. ಮನೆ ಮೇಲಿನ ಟ್ಯಾಂಕು ಎಷ್ಟೇ ದೊಡ್ಡದಿದ್ದರೂ ನಲ್ಲಿ ಸಣ್ಣದಾದರೆ ಬಕೆಟ್ಟಿಗೆ ಬೀಳುವುದು ಸಣ್ಣ ಧಾರೆಯೇ. ಈ ಪಾಲಿಸಿಗಳಲ್ಲಿ ಸೇವೆಗಳ ಪಟ್ಟಿಯೇ ಆ ನಲ್ಲಿ. ಇದನ್ನು ನೋಡದೆ ಒಟ್ಟು ಮೊತ್ತ ನೋಡಿ ಕೊಂಡವರು ಬಿಲ್ ಬಂದಾಗ ಕಂಗಾಲಾಗುತ್ತಾರೆ.

ಕೈಯಿಂದ ಎಷ್ಟು ಹೋಗುತ್ತದೆ: ಒಂದು ಲೆಕ್ಕ

ಲೆಕ್ಕಕ್ಕೆ ಮೊದಲು ಮೂರು ಪದ. ಡಿಡಕ್ಟಿಬಲ್ ಎಂದರೆ ಕಂಪನಿ ಹಣ ಬಿಚ್ಚುವ ಮೊದಲು ನೀವು ಕೊಡಬೇಕಾದ ಮೊತ್ತ. ಸೊನ್ನೆಯಿಂದ ಹಿಡಿದು ಕೆಲವು ಸಾವಿರ ಡಾಲರ್‌ವರೆಗೆ ನೀವೇ ಆರಿಸಬಹುದು, ಅದು ಹೆಚ್ಚಾದಷ್ಟೂ ಪ್ರೀಮಿಯಂ ಇಳಿಯುತ್ತದೆ. ಕೆಲವು ಪಾಲಿಸಿಗಳಲ್ಲಿ ಇದು ಇಡೀ ಅವಧಿಗೆ ಒಮ್ಮೆ, ಕೆಲವದರಲ್ಲಿ ಪ್ರತಿಯೊಂದು ಕಾಯಿಲೆಗೂ ಒಮ್ಮೆ. ಇದನ್ನು ತಪ್ಪದೆ ನೋಡಿ. ಕೋ-ಇನ್ಶೂರೆನ್ಸ್ ಎಂದರೆ ಅದಾದ ಮೇಲೆ ಖರ್ಚನ್ನು ಇಬ್ಬರೂ ಹಂಚಿಕೊಳ್ಳುವ ಪ್ರಮಾಣ. ನೆಟ್‌ವರ್ಕ್ ಎಂದರೆ ಕಂಪನಿಯೊಂದಿಗೆ ದರ ಒಪ್ಪಂದ ಮಾಡಿಕೊಂಡಿರುವ ಆಸ್ಪತ್ರೆ ಮತ್ತು ವೈದ್ಯರ ಪಟ್ಟಿ. ಆಸ್ಪತ್ರೆ ಕೇಳುವ ದರಕ್ಕಿಂತ ಒಪ್ಪಂದದ ದರ ಸಾಕಷ್ಟು ಕಡಿಮೆ ಇರುತ್ತದೆ.

ಲೆಕ್ಕ ಅರ್ಥವಾಗಲೆಂದು ಹೀಗೆ ಇಟ್ಟುಕೊಳ್ಳೋಣ: ಅಪೆಂಡಿಕ್ಸ್ ಆಪರೇಷನ್ ಆಗಿ ಮೂರು ದಿನ ಆಸ್ಪತ್ರೆಯಲ್ಲಿದ್ದು, ಎಲ್ಲ ಸೇರಿ 40,000 ಡಾಲರ್ ಬಿಲ್ ಆಯಿತು. ನೆಟ್‌ವರ್ಕ್ ಆಸ್ಪತ್ರೆಯಾದ್ದರಿಂದ ಒಪ್ಪಂದದ ದರದಲ್ಲಿ ಅದು 24,000ಕ್ಕೆ ಇಳಿಯಿತು. ಕಾಂಪ್ರಹೆನ್ಸಿವ್ ಪಾಲಿಸಿಯ ಡಿಡಕ್ಟಿಬಲ್ 250 ಡಾಲರ್. ಅದರ ನಂತರದ ಮೊದಲ 5,000 ಡಾಲರಿನಲ್ಲಿ ಕಂಪನಿಯದು ಶೇ 80, ನಿಮ್ಮದು ಶೇ 20, ಆಮೇಲಿನದು ಪೂರ್ತಿ ಕಂಪನಿಯದು. ನೀವು ಕೊಡುವುದು 250 ಮತ್ತು 1,000, ಒಟ್ಟು 1,250 ಡಾಲರ್. ಉಳಿದ 22,750 ಕಂಪನಿ ಕೊಡುತ್ತದೆ.

ಇದೇ ಬಿಲ್ಲಿಗೆ ಫಿಕ್ಸೆಡ್ ಪಾಲಿಸಿ ಇದ್ದಿದ್ದರೆ? ಪಟ್ಟಿಯಲ್ಲಿ ಕೋಣೆಗೆ ದಿನಕ್ಕೆ 1,500ರಂತೆ ಮೂರು ದಿನಕ್ಕೆ 4,500, ಶಸ್ತ್ರಚಿಕಿತ್ಸಕರಿಗೆ 3,000, ಅರಿವಳಿಕೆಗೆ 750, ತುರ್ತು ವಿಭಾಗಕ್ಕೆ 350, ಸ್ಕ್ಯಾನ್‌ಗೆ 450 ಇದೆಯೆಂದುಕೊಳ್ಳಿ. ಒಟ್ಟು 9,050, ಡಿಡಕ್ಟಿಬಲ್ ಕಳೆದರೆ 8,800. ಒಪ್ಪಂದದ ದರ ಸಿಕ್ಕರೂ ಮನೆಯವರು 15,200 ಡಾಲರ್ ಕೊಡಬೇಕು. ಈ ಬಗೆಯ ಪಾಲಿಸಿಗಳಲ್ಲಿ ಎಷ್ಟೋ ಸಲ ನೆಟ್‌ವರ್ಕ್ ಇರುವುದಿಲ್ಲ. ಆಗ 40,000ದ ಪೂರ್ತಿ ಬಿಲ್ಲಿನಲ್ಲಿ 31,200 ಕೊಡಬೇಕು.

ನೆಟ್‌ವರ್ಕ್ ಹೊರಗಿನ ಆಸ್ಪತ್ರೆಗೆ ಹೋದರೆ ಕಾಂಪ್ರಹೆನ್ಸಿವ್ ಪಾಲಿಸಿಯಲ್ಲೂ ಒಂದು ತೊಡಕಿದೆ. ಆ ಊರಿನಲ್ಲಿ ಆ ಸೇವೆಗೆ ವಾಡಿಕೆಯಲ್ಲಿ ಎಷ್ಟು ಎಂದು ಕಂಪನಿಯೇ ಲೆಕ್ಕ ಹಾಕಿ ಅಷ್ಟನ್ನೇ ಒಪ್ಪುತ್ತದೆ. ಆಸ್ಪತ್ರೆ ಕೇಳಿದ್ದಕ್ಕೂ ಕಂಪನಿ ಒಪ್ಪಿದ್ದಕ್ಕೂ ನಡುವಿನ ಅಂತರವನ್ನು ರೋಗಿಯಿಂದ ವಸೂಲು ಮಾಡಬಹುದು. ಆದ್ದರಿಂದ ಮಕ್ಕಳ ಮನೆಯ ಪಿನ್‌ಕೋಡ್ ಹಾಕಿ, ಹತ್ತಿರದ ಯಾವ ದೊಡ್ಡ ಆಸ್ಪತ್ರೆ ನೆಟ್‌ವರ್ಕಿನಲ್ಲಿದೆ ಎಂದು ಪಾಲಿಸಿ ಕೊಳ್ಳುವ ಮೊದಲೇ ಹುಡುಕಿ ನೋಡಬೇಕು.

ಮೊದಲೇ ಇದ್ದ ಕಾಯಿಲೆ: ಇಡೀ ಪಾಲಿಸಿಯ ಜೀವ ಇಲ್ಲಿದೆ

ಪಾಲಿಸಿ ಶುರುವಾಗುವ ದಿನಕ್ಕೆ ಹಿಂದಿನ ಇಂತಿಷ್ಟು ಅವಧಿಯಲ್ಲಿ ಲಕ್ಷಣ ಕಂಡಿದ್ದ, ಪರೀಕ್ಷೆ ಮಾಡಿಸಿದ್ದ, ಔಷಧಿ ತೆಗೆದುಕೊಂಡ ಯಾವುದೇ ತೊಂದರೆ ಮೊದಲೇ ಇದ್ದ ಕಾಯಿಲೆ ಎನಿಸಿಕೊಳ್ಳುತ್ತದೆ. ಆ ಅವಧಿ ಕೆಲವು ಪಾಲಿಸಿಗಳಲ್ಲಿ 12 ತಿಂಗಳು, ಹಲವದರಲ್ಲಿ 36 ತಿಂಗಳು, ಕೆಲವದರಲ್ಲಿ ಇನ್ನೂ ಹೆಚ್ಚು. ವೈದ್ಯರು ಹೆಸರಿಟ್ಟ ರೋಗವೇ ಆಗಬೇಕೆಂದಿಲ್ಲ. ಆರು ತಿಂಗಳಿಂದ ಮಂಡಿ ನೋಯುತ್ತಿದ್ದು ಯಾರಿಗೂ ತೋರಿಸದಿದ್ದರೂ, ಎಷ್ಟೋ ಪಾಲಿಸಿಗಳ ಪ್ರಕಾರ ಅದು ಮೊದಲೇ ಇದ್ದದ್ದೇ. ಬಿಪಿ ಮಾತ್ರೆಯಿಂದ ಹಿಡಿತದಲ್ಲಿದ್ದರೂ ಬಿಪಿ ಮೊದಲೇ ಇದ್ದ ಕಾಯಿಲೆ. ಅದರಿಂದ ಬರಬಹುದಾದ ಹೃದಯಾಘಾತ, ಪಾರ್ಶ್ವವಾಯುಗಳನ್ನೂ ಕಂಪನಿ ಅದಕ್ಕೇ ಜೋಡಿಸಬಹುದು.

ಇಂಥವರಿಗಾಗಿ ಹಲವು ಕಾಂಪ್ರಹೆನ್ಸಿವ್ ಪಾಲಿಸಿಗಳಲ್ಲಿ ‘ಅಕ್ಯೂಟ್ ಆನ್‌ಸೆಟ್’ ಎಂಬ ಸೌಲಭ್ಯ ಇರುತ್ತದೆ. ಹಳೆಯ ಕಾಯಿಲೆ ಇದ್ದಕ್ಕಿದ್ದಂತೆ, ಯಾವ ಮುನ್ಸೂಚನೆಯೂ ಇಲ್ಲದೆ ಉಲ್ಬಣಿಸಿದರೆ ಅದರ ತುರ್ತು ಚಿಕಿತ್ಸೆಗೆ ಹಣ ಕೊಡುತ್ತೇವೆ ಎಂಬುದು ಇದರ ಅರ್ಥ. ಷರತ್ತುಗಳು ಬಿಗಿಯಾಗಿವೆ. ಸಾಮಾನ್ಯವಾಗಿ ಲಕ್ಷಣ ಕಂಡ 24 ಗಂಟೆಯೊಳಗೆ ಚಿಕಿತ್ಸೆಗೆ ಹೋಗಿರಬೇಕು. ನಿಧಾನವಾಗಿ ಬಿಗಡಾಯಿಸುತ್ತಾ ಹೋಗುವ ಕಾಯಿಲೆಗೆ ಇದು ಅನ್ವಯಿಸುವುದಿಲ್ಲ. ಕೆಲವು ಪಾಲಿಸಿಗಳಲ್ಲಿ ಹೊರಡುವ ಹಿಂದಿನ 30 ದಿನಗಳಲ್ಲಿ ಔಷಧಿ ಬದಲಾಗಿರಬಾರದೆಂಬ ನಿಯಮವೂ ಇದೆ. ಸ್ಥಿತಿ ಸುಧಾರಿಸಿದೊಡನೆ ಸೌಲಭ್ಯ ನಿಲ್ಲುತ್ತದೆ, ಮುಂದಿನ ತಪಾಸಣೆ ಮತ್ತು ಮಾತ್ರೆಗಳು ನಿಮ್ಮವೇ.

ಹಗಲು ಚೆನ್ನಾಗಿಯೇ ಓಡಾಡಿಕೊಂಡಿದ್ದ, ಬಿಪಿ ಇರುವ ಅಪ್ಪನಿಗೆ ರಾತ್ರಿ ಏಕಾಏಕಿ ಎದೆನೋವು ಬಂದು ಒಂದು ಗಂಟೆಯೊಳಗೆ ಆಸ್ಪತ್ರೆಗೆ ಸೇರಿಸಿದರೆ, ಇದು ಅಕ್ಯೂಟ್ ಆನ್‌ಸೆಟ್ ಆಗುವ ಸಾಧ್ಯತೆ ಹೆಚ್ಚು. ಹತ್ತು ದಿನದಿಂದ ಮೆಟ್ಟಿಲು ಹತ್ತಿದರೆ ಏದುಸಿರು, ಕಾಲಿನಲ್ಲಿ ಊತ, ಮಕ್ಕಳಿಗೆ ತೊಂದರೆ ಯಾಕೆಂದು ಹೇಳದೆ ಸುಮ್ಮನಿದ್ದು ಹನ್ನೊಂದನೆಯ ದಿನ ಆಸ್ಪತ್ರೆಗೆ ಹೋದರೆ ಆಗುವುದಿಲ್ಲ. ನಮ್ಮ ಹಿರಿಯರು ನೋವನ್ನು ಮುಚ್ಚಿಟ್ಟುಕೊಳ್ಳುವುದೇ ಜಾಸ್ತಿ. ಹೋಗುವ ಮೊದಲೇ ಅವರನ್ನು ಕೂರಿಸಿಕೊಂಡು ಈ 24 ಗಂಟೆಯ ಮಾತನ್ನು ಬಿಡಿಸಿ ಹೇಳಲೇಬೇಕು. ಡಯಾಲಿಸಿಸ್, ನಡೆಯುತ್ತಿರುವ ಕ್ಯಾನ್ಸರ್ ಚಿಕಿತ್ಸೆ, ಮಾಮೂಲಿ ಶುಗರ್ ಪರೀಕ್ಷೆ ಇವು ಈ ಸೌಲಭ್ಯದೊಳಗೆ ಬರುವುದೇ ಇಲ್ಲ.

ವಯಸ್ಸಿನ ಕತ್ತರಿಯೂ ಇದೆ. ಅಕ್ಯೂಟ್ ಆನ್‌ಸೆಟ್ ಮೊತ್ತ ಎಷ್ಟೋ ಪಾಲಿಸಿಗಳಲ್ಲಿ ವಯಸ್ಸು 70 ಆದಾಗ ಕಡಿಮೆಯಾಗುತ್ತದೆ ಅಥವಾ ನಿಂತೇಹೋಗುತ್ತದೆ. 80 ದಾಟಿದವರಿಗೆ ಇಡೀ ಪಾಲಿಸಿಯ ಗರಿಷ್ಠ ಮೊತ್ತವೇ 10,000 ಡಾಲರಿಗೆ ಇಳಿಯುವ ಯೋಜನೆಗಳಿವೆ. ಅಪ್ಪನಿಗೆ 71, ಅಮ್ಮನಿಗೆ 66 ಆಗಿದ್ದರೆ ಇಬ್ಬರಿಗೂ ಒಂದೇ ಪಾಲಿಸಿ ಕೊಳ್ಳಬೇಕೆಂದೇನಿಲ್ಲ, ಬೇರೆಬೇರೆ ನೋಡಿ. ಹಳೆಯ ಕಾಯಿಲೆಗೆ ಇನ್ನೂ ವಿಸ್ತಾರವಾಗಿ, ಒಂದು ಮಿತಿಯವರೆಗೆ ಹಣ ಕೊಡುವ ಪಾಲಿಸಿಗಳೂ ಇವೆ. ಅವು ದುಬಾರಿ, ಕನಿಷ್ಠ 90 ದಿನಕ್ಕೆ ಕೊಳ್ಳಬೇಕೆಂಬ ನಿಯಮವೂ ಇರಬಹುದು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲು ಅವನ್ನು ನೋಡುವುದು ಒಳ್ಳೆಯದು.

ಇಲ್ಲೇ ಇನ್ನೊಂದು ತಪ್ಪು ತಿಳಿವಳಿಕೆ ಹುಟ್ಟುತ್ತದೆ. ಅಮೆರಿಕದ ಕಂಪನಿಗಳ ಪಾಲಿಸಿಯನ್ನು ಐದು ನಿಮಿಷದಲ್ಲಿ ಆನ್‌ಲೈನ್ ಕೊಳ್ಳಬಹುದು. ವೈದ್ಯಕೀಯ ಪರೀಕ್ಷೆ ಇಲ್ಲ, ಕಾಯಿಲೆಗಳ ಪ್ರಶ್ನೆಯೂ ಹೆಚ್ಚಿಲ್ಲ. ಕೇಳಲಿಲ್ಲ ಎಂದರೆ ಒಪ್ಪಿಕೊಂಡರು ಎಂದಲ್ಲ. ಆರೋಗ್ಯದ ಇತಿಹಾಸವನ್ನು ಕಂಪನಿ ಕೆದಕುವುದು ಕ್ಲೇಮ್ ಬಂದ ಮೇಲೆ. ಆಗ ಊರಿನ ವೈದ್ಯರ ಹಿಂದಿನ ವರ್ಷಗಳ ದಾಖಲೆ ಕೇಳುತ್ತದೆ, ಅಲ್ಲಿನ ಆಸ್ಪತ್ರೆಯ ದಾಖಲೆಯನ್ನೂ ತರಿಸಿಕೊಳ್ಳುತ್ತದೆ.

ಇಲ್ಲಿ ಕೊಳ್ಳುವುದೋ, ಅಲ್ಲಿಯದೋ?

ಭಾರತದ ಕಂಪನಿಗಳು ಮಾರುವ ವಿದೇಶ ಪ್ರಯಾಣ ವಿಮೆ ರೂಪಾಯಿಯಲ್ಲಿ ಸಿಗುತ್ತದೆ. ಸಾಮಾನು ಕಳೆದುಹೋದರೆ, ಪಾಸ್‌ಪೋರ್ಟ್ ಕಳೆದರೆ, ವಿಮಾನ ತಡವಾದರೆ ಪರಿಹಾರವೂ ಅದರಲ್ಲಿರುತ್ತದೆ. ಆದರೆ ಪ್ರಯಾಣ ಶುರುವಾಗುವ ಮೊದಲೇ, ಭಾರತದಲ್ಲಿರುವಾಗಲೇ ಕೊಳ್ಳಬೇಕು. 60 ದಾಟಿದವರ ಪಾಲಿಸಿಗಳಲ್ಲಿ ಕೋಣೆ, ಐಸಿಯು, ಶಸ್ತ್ರಚಿಕಿತ್ಸೆಗೆ ಉಪಮಿತಿಗಳಿರುವುದು ಸಾಮಾನ್ಯ. ಹೊರಗೆ ಕಾಂಪ್ರಹೆನ್ಸಿವ್‌ನಂತೆ ಕಂಡರೂ ಒಳಗೆ ಮೇಲೆ ಹೇಳಿದ ಫಿಕ್ಸೆಡ್‌ನಂತೆಯೇ ವರ್ತಿಸುತ್ತದೆ. ಹಳೆಯ ಕಾಯಿಲೆಗೆ ಪ್ರಾಣಾಪಾಯದ ಸಂದರ್ಭದಲ್ಲಿ ಮಾತ್ರ, ಅದೂ ಸೀಮಿತವಾಗಿ ಹಣ. ಅರ್ಜಿಯಲ್ಲಿ ಕಾಯಿಲೆಗಳನ್ನು ಕೇಳುತ್ತಾರೆ. ಬಚ್ಚಿಟ್ಟರೆ ಕ್ಲೇಮ್ ಪೂರ್ತಿ ತಿರಸ್ಕಾರವಾಗಬಹುದು.

ಅಮೆರಿಕದ ಕಂಪನಿಗಳ ಪಾಲಿಸಿಯಲ್ಲಿ ಅಲ್ಲಿನ ಆಸ್ಪತ್ರೆಗಳ ನೆಟ್‌ವರ್ಕ್ ಇರುತ್ತದೆ, ಆಸ್ಪತ್ರೆಗಳು ಕಾರ್ಡ್ ನೋಡಿ ನೇರವಾಗಿ ಕಂಪನಿಗೆ ಬಿಲ್ ಕಳಿಸುವುದು ಸುಲಭ, ಇರುವಿಕೆ ಮುಂದುವರಿದರೆ ಅಲ್ಲಿಂದಲೇ ವಿಸ್ತರಿಸಬಹುದು. ಆರು ತಿಂಗಳ ವಾಸಕ್ಕೆ, ಬಿಪಿ-ಶುಗರ್ ಇರುವವರಿಗೆ ಅಕ್ಯೂಟ್ ಆನ್‌ಸೆಟ್ ಇರುವ ಅಲ್ಲಿನ ಕಾಂಪ್ರಹೆನ್ಸಿವ್ ಪಾಲಿಸಿಯೇ ಸಾಮಾನ್ಯವಾಗಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಯಾವುದನ್ನು ಕೊಂಡರೂ ಜಾಹೀರಾತಿನ ಎರಡು ಪುಟ ಸಾಲದು. ಪೂರ್ತಿ ಪಾಲಿಸಿ ದಾಖಲೆ ಇಳಿಸಿಕೊಂಡು ‘ವ್ಯಾಖ್ಯೆಗಳು’ (ಡೆಫಿನಿಷನ್ಸ್) ಮತ್ತು ‘ಹೊರಗಿಟ್ಟವು’ (ಎಕ್ಸ್‌ಕ್ಲೂಷನ್ಸ್) ಎಂಬ ಎರಡು ಭಾಗಗಳನ್ನು ಓದಿ.

ಹೆಸರು, ದಿನಾಂಕ, ವಿಸ್ತರಣೆ

ಪಾಲಿಸಿಯಲ್ಲಿನ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಬೇಕು. ಇದು ನಮ್ಮವರಿಗೆ ವಿಶೇಷವಾಗಿ ತೊಡಕು. ಹೆಸರಿನ ಮುಂದೆ ಇನಿಷಿಯಲ್ ಇಟ್ಟುಕೊಂಡು ಬಂದ ಎಷ್ಟೋ ಹಿರಿಯರ ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿ ಇರುತ್ತದೆ. ಅಂಥವರ ಅಮೆರಿಕ ವೀಸಾದಲ್ಲಿ ಇದ್ದ ಹೆಸರು ಕುಲನಾಮದ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ ಎಂಬುದರ ಇಂಗ್ಲಿಷ್ ಕಿರುರೂಪ) ಎಂದು ಬರುತ್ತದೆ. ಆಸ್ಪತ್ರೆಯಲ್ಲಿ ಒಂದು ಹೆಸರು, ಪಾಲಿಸಿಯಲ್ಲಿ ಇನ್ನೊಂದು ಇದ್ದರೆ ಕ್ಲೇಮ್ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಕೊಳ್ಳುವಾಗಲೇ ಕಂಪನಿಯನ್ನು ಕೇಳಿ ನಮೂದಿಸಿ, ಆಸ್ಪತ್ರೆಯಲ್ಲೂ ಅದೇ ರೀತಿ ಬರೆಸಿ. ಹುಟ್ಟಿದ ದಿನಾಂಕವನ್ನು ಅಲ್ಲಿ ತಿಂಗಳು-ದಿನ-ವರ್ಷ ಕ್ರಮದಲ್ಲಿ ಬರೆಯುತ್ತಾರೆ. ಆಗಸ್ಟ್ 5 ನಮ್ಮ ಕ್ರಮದಲ್ಲಿ ಬರೆದರೆ ಅಲ್ಲಿ ಮೇ 8 ಆಗುತ್ತದೆ.

ಪಾಲಿಸಿ ಭಾರತ ಬಿಡುವ ದಿನದಿಂದಲೇ ಶುರುವಾಗಲಿ. ಹೋದಮೇಲೆ ಕೊಳ್ಳಬಹುದಾದರೂ ಆ ನಡುವೆ ಕಂಡ ಕೆಮ್ಮು-ಜ್ವರವೂ ಮೊದಲೇ ಇದ್ದದ್ದೆಂದು ಲೆಕ್ಕವಾಗುತ್ತದೆ, ಕೆಲವು ಪಾಲಿಸಿಗಳಲ್ಲಿ ಕಾಯುವ ದಿನಗಳೂ ಇವೆ. ಎಷ್ಟು ದಿನ ಇರಬಹುದೆಂಬುದನ್ನು ತೀರ್ಮಾನಿಸುವುದು ವೀಸಾದ ಮೇಲಿನ ಹತ್ತು ವರ್ಷದ ಗಡುವಲ್ಲ, ಒಳಬರುವಾಗ ಅಧಿಕಾರಿ ಕೊಡುವ ಐ-94 ದಾಖಲೆಯ ದಿನಾಂಕ. ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ಪಾಲಿಸಿ ಅದಕ್ಕೆ ಹೊಂದಲಿ.

ಇರುವಿಕೆ ಮುಂದುವರಿದರೆ ಹಳೆಯ ಪಾಲಿಸಿಯನ್ನೇ, ಅದು ಮುಗಿಯುವ ಮೊದಲೇ ವಿಸ್ತರಿಸಬೇಕು. ಒಂದು ದಿನ ತಪ್ಪಿ ಹೊಸದು ಕೊಂಡರೆ, ಹಿಂದಿನ ಪಾಲಿಸಿಯ ಅವಧಿಯಲ್ಲಿ ಬಂದ ಕಾಯಿಲೆಯೂ ಹೊಸ ಪಾಲಿಸಿಗೆ ಮೊದಲೇ ಇದ್ದದ್ದಾಗಿಬಿಡುತ್ತದೆ. ಮೂರು ತಿಂಗಳಿಗೆ ಕೊಂಡು ಆಮೇಲೆ ನೋಡೋಣ ಎನ್ನುವವರು ಎಡವುವುದು ಇಲ್ಲೇ. ಬೇಗ ವಾಪಸು ಬಂದರೆ, ಕ್ಲೇಮ್ ಮಾಡಿರದಿದ್ದಲ್ಲಿ, ಉಳಿದ ದಿನಗಳ ಹಣವನ್ನು ಒಂದಿಷ್ಟು ಶುಲ್ಕ ಹಿಡಿದು ಮರಳಿಸುವ ಪಾಲಿಸಿಗಳು ಹಲವಿವೆ. ಆದ್ದರಿಂದ ಪೂರ್ತಿ ಅವಧಿಗೆ ಕೊಳ್ಳುವುದೇ ಕ್ಷೇಮ.

ಮಾತ್ರೆ, ಇನ್ಸುಲಿನ್, ಕಾಗದಪತ್ರ

ಮಾಮೂಲಿ ಮಾತ್ರೆಗೆ ವಿಮೆ ಹಣ ಕೊಡುವುದಿಲ್ಲ, ಇಲ್ಲಿನ ವೈದ್ಯರ ಚೀಟಿ ಅಲ್ಲಿನ ಔಷಧಿ ಅಂಗಡಿಯಲ್ಲಿ ನಡೆಯುವುದಿಲ್ಲ. ಒಯ್ಯಬೇಕಾದದ್ದೇ ದಾರಿ. ಸ್ವಂತ ಬಳಕೆಗೆ ಸುಮಾರು 90 ದಿನದ ಔಷಧಿ ಒಯ್ಯಬಹುದೆಂಬುದು ಅಲ್ಲಿನ ಸಾಮಾನ್ಯ ಮಾರ್ಗಸೂಚಿ. ಅದಕ್ಕಿಂತ ಹೆಚ್ಚು ದಿನ ಇರುವ ವಿದೇಶಿಯರು ಉಳಿದದ್ದನ್ನು ನಂತರ ವೈದ್ಯರ ಪತ್ರ, ವೀಸಾ ಪ್ರತಿ ಜೊತೆಗಿಟ್ಟು ತರಿಸಿಕೊಳ್ಳಬಹುದು. ಮಾತ್ರೆಗಳು ಮೂಲ ಸ್ಟ್ರಿಪ್‌ನಲ್ಲೇ ಇರಲಿ, ಡಬ್ಬಿಗೆ ಸುರಿಯಬೇಡಿ. ವೈದ್ಯರ ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿನ ಬದಲು ಔಷಧಿಯ ಮೂಲ ಹೆಸರು, ಪ್ರಮಾಣ ಟೈಪ್ ಮಾಡಿಸಿ. ಅಲ್ಲಿನ ವೈದ್ಯರಿಗೆ ಇಲ್ಲಿನ ಬ್ರ್ಯಾಂಡ್‌ಗಳು ಗೊತ್ತಿರುವುದಿಲ್ಲ. ನಮ್ಮ ಪ್ಯಾರಸಿಟಮಾಲ್‌ಗೆ ಅಲ್ಲಿ ಅಸೆಟಮಿನೋಫೆನ್ ಎಂಬ ಹೆಸರು.

ಇನ್ಸುಲಿನ್ ತೆಗೆದುಕೊಳ್ಳುವವರು ಗಮನಿಸಬೇಕಾದ ಅಪಾಯವೊಂದಿದೆ. ಭಾರತದಲ್ಲಿ ಸಿಗುವ ಇನ್ಸುಲಿನ್ ಬಾಟಲಿಗಳಲ್ಲಿ ಹೆಚ್ಚಿನವು ಒಂದು ಮಿಲಿಲೀಟರಿಗೆ 40 ಯೂನಿಟ್‌ನವು, ಅಮೆರಿಕದಲ್ಲಿ 100 ಯೂನಿಟ್‌ನವು. ಸಿರಿಂಜಿನ ಗೆರೆಗಳೂ ಅದಕ್ಕೆ ತಕ್ಕಂತೆ ಬೇರೆ. ಇಲ್ಲಿನ 40ರ ಸಿರಿಂಜಿನಲ್ಲಿ ಅಲ್ಲಿನ ಇನ್ಸುಲಿನ್ ಎಳೆದುಕೊಂಡರೆ ಎರಡೂವರೆ ಪಟ್ಟು ಜಾಸ್ತಿ ದೇಹಕ್ಕೆ ಹೋಗುತ್ತದೆ, ಸಕ್ಕರೆ ಕುಸಿದು ಪ್ರಾಣಕ್ಕೇ ಕುತ್ತಾಗಬಹುದು. ಬಾಟಲಿ ಯಾವ ದೇಶದ್ದೋ ಸಿರಿಂಜೂ ಅಲ್ಲಿಯದೇ ಇರಲಿ. ಇನ್ಸುಲಿನ್ ಕೈಚೀಲದಲ್ಲಿ ಹೋಗಬೇಕು. ವಿಮಾನದ ಸಾಮಾನು ಕೋಣೆಯ ಚಳಿಗೆ ಹೆಪ್ಪುಗಟ್ಟಿದರೆ ಅದು ಕೆಲಸ ಮಾಡುವುದಿಲ್ಲ.

ಹೊರಡಲು ಎರಡು ತಿಂಗಳಿರುವಾಗ ಇಸಿಜಿ, ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ, ಹಲ್ಲು, ಕಣ್ಣು ತೋರಿಸಿಕೊಳ್ಳಿ. ಹಲ್ಲಿನ ಮಾಮೂಲಿ ಚಿಕಿತ್ಸೆ, ಕನ್ನಡಕ ಈ ಪಾಲಿಸಿಗಳಲ್ಲಿ ಬರುವುದಿಲ್ಲ. ಹಳೆಯ ಡಿಸ್ಚಾರ್ಜ್ ಸಮ್ಮರಿಗಳನ್ನೂ ಹೊಸ ವರದಿಗಳನ್ನೂ ಸ್ಕ್ಯಾನ್ ಮಾಡಿ ಮಕ್ಕಳ ಫೋನಿಗೆ ಕಳಿಸಿಡಿ. ಹಳೆಯ ಇಸಿಜಿ ಪಕ್ಕದಲ್ಲಿಟ್ಟು ನೋಡಿದರೆ ಹೊಸದೇನಾಗಿದೆ ಎಂದು ಅಲ್ಲಿನ ವೈದ್ಯರಿಗೆ ಬೇಗ ತಿಳಿಯುತ್ತದೆ.

ಹುಷಾರು ತಪ್ಪಿದಾಗ ಎಲ್ಲಿಗೆ?

ಎದೆನೋವು, ಮುಖ ಸೊಟ್ಟಗಾಗುವುದು, ಮಾತು ತೊದಲುವುದು, ಉಸಿರಾಟದ ತೊಂದರೆ, ನಿಲ್ಲದ ರಕ್ತಸ್ರಾವ ಇದ್ದರೆ ಕೂಡಲೇ 911ಕ್ಕೆ ಕರೆ ಮಾಡಿ, ಆಗ ವಿಮೆಯ ಲೆಕ್ಕ ಬೇಡ. ಜ್ವರ, ಬೇಧಿ, ಮೂತ್ರದ ಸೋಂಕು, ಉಳುಕು, ಸಣ್ಣ ಗಾಯಕ್ಕೆ ಅರ್ಜೆಂಟ್ ಕೇರ್ ಎಂಬ ಕ್ಲಿನಿಕ್‌ಗಳಿವೆ. ಅಪಾಯಿಂಟ್‌ಮೆಂಟ್ ಇಲ್ಲದೆಯೇ ನೋಡುತ್ತಾರೆ, ತುರ್ತು ವಿಭಾಗಕ್ಕಿಂತ ಖರ್ಚು ಬಹಳ ಕಡಿಮೆ. ಹಲವು ಪಾಲಿಸಿಗಳಲ್ಲಿ ಅರ್ಜೆಂಟ್ ಕೇರ್‌ಗೆ ಸಣ್ಣ ಮೊತ್ತ ಕೊಟ್ಟರೆ ಸಾಕು. ತುರ್ತು ವಿಭಾಗಕ್ಕೆ ಹೋಗಿ ದಾಖಲಾಗದೆ ಮರಳಿದರೆ ಹೆಚ್ಚುವರಿ ಡಿಡಕ್ಟಿಬಲ್ ಬೀಳುವುದುಂಟು.

ಆಸ್ಪತ್ರೆಗೆ ದಾಖಲಾಗುವ ಮೊದಲು, ತುರ್ತಾಗಿದ್ದರೆ ದಾಖಲಾದ 48 ಗಂಟೆಯೊಳಗೆ, ಕಾರ್ಡಿನ ಹಿಂದಿರುವ ಸಂಖ್ಯೆಗೆ ಕರೆ ಮಾಡಿ ಕಂಪನಿಗೆ ತಿಳಿಸಬೇಕೆಂದು ಹಲವು ಪಾಲಿಸಿಗಳು ಹೇಳುತ್ತವೆ. ಈ ಒಂದು ಕರೆ ಮರೆತದ್ದಕ್ಕೆ ಕೊಡಬೇಕಾದ ಹಣದಲ್ಲಿ ಅರ್ಧ ಕತ್ತರಿಸುವ ಪಾಲಿಸಿಗಳಿವೆ. ಕರೆ ಮಾಡಿದ ಸಮಯ, ಮಾತಾಡಿದವರ ಹೆಸರು, ಅವರು ಕೊಟ್ಟ ಉಲ್ಲೇಖ ಸಂಖ್ಯೆ ಬರೆದಿಟ್ಟುಕೊಳ್ಳಿ.

ಆಸ್ಪತ್ರೆಯಲ್ಲಿ ನರ್ಸ್ ಮೊದಲು ಕೇಳುವ ಪ್ರಶ್ನೆ, ಇದು ಯಾವಾಗಿನಿಂದ? ನಮ್ಮ ಹಿರಿಯರು ಮಾತಿನ ಓಘದಲ್ಲಿ ‘ಅಯ್ಯೋ, ಯಾವಾಗಲೂ ಇದ್ದದ್ದೇ’ ಎಂದುಬಿಡುತ್ತಾರೆ. ವರ್ಷಗಳಿಂದ ಬರುತ್ತಿದ್ದ ಎದೆಯುರಿ ಬೇರೆ, ಇವತ್ತು ಸಂಜೆ ಏಳಕ್ಕೆ ಶುರುವಾದ ಎದೆನೋವು ಬೇರೆ. ಎರಡನ್ನೂ ನಿಜವಾಗಿ, ಬಿಡಿಬಿಡಿಯಾಗಿ ಹೇಳಬೇಕು. ಸುಳ್ಳು ಹೇಳಿದರೆ ಚಿಕಿತ್ಸೆಯೇ ತಪ್ಪುತ್ತದೆ, ಅಳತೆಯಿಲ್ಲದೆ ಹೇಳಿದರೆ ಕ್ಲೇಮ್ ತಪ್ಪುತ್ತದೆ, ಏಕೆಂದರೆ ದಾಖಲೆಗೆ ಹೋಗುವುದು ಆ ಮೊದಲ ಉತ್ತರ. ಕನ್ನಡ ಬಿಟ್ಟು ಬೇರೆ ಭಾಷೆ ಬಾರದವರಿಗೆ ದುಭಾಷಿಯನ್ನು ಕೇಳಿ. ಅಲ್ಲಿನ ಆಸ್ಪತ್ರೆಗಳು ಫೋನ್ ಮೂಲಕವಾದರೂ ಉಚಿತವಾಗಿ ಒದಗಿಸುತ್ತವೆ.

ಕ್ಲೇಮ್ ಮಾಡುವಾಗ

ಆಸ್ಪತ್ರೆ ನೇರವಾಗಿ ಕಂಪನಿಗೆ ಬಿಲ್ ಕಳಿಸಿದರೂ ಕ್ಲೇಮ್ ಅರ್ಜಿಯನ್ನು ರೋಗಿಯ ಕಡೆಯವರೇ ತುಂಬಿ ಕಳಿಸಬೇಕು. ಅದಿಲ್ಲದೆ ಕಡತ ಮುಂದೆ ಹೋಗುವುದಿಲ್ಲ. ಜೊತೆಗೆ ಪಾಸ್‌ಪೋರ್ಟ್, ವೀಸಾ, ದೇಶದೊಳಗೆ ಬಂದ ದಿನದ ದಾಖಲೆ ಮತ್ತು ವಿವರವಾದ ಬಿಲ್ ಬೇಕು. ಬಾಕಿ ಇಷ್ಟು ಎಂದು ಒಂದೇ ಸಾಲಿನಲ್ಲಿ ಬರುವ ಪತ್ರ ನಡೆಯುವುದಿಲ್ಲ. ರೋಗದ ಸಂಕೇತ, ಪ್ರತಿ ಸೇವೆಯ ಸಂಕೇತ, ದರ ಇರುವ ನಮೂನೆ ಬೇಕು: ಆಸ್ಪತ್ರೆಯದಾದರೆ ಯುಬಿ-04, ವೈದ್ಯರದಾದರೆ ಸಿಎಂಎಸ್-1500. ಈ ಹೆಸರು ಹೇಳಿಯೇ ಬಿಲ್ಲಿಂಗ್ ವಿಭಾಗವನ್ನು ಕೇಳಿ. ಗಡುವು ಪಾಲಿಸಿಯಿಂದ ಪಾಲಿಸಿಗೆ ಬೇರೆ, ಚಿಕಿತ್ಸೆಯಾದ ತಿಂಗಳೊಳಗೇ ಕಳಿಸಿಬಿಡುವುದು ಒಳ್ಳೆಯದು.

ಕಂಪನಿ ಲೆಕ್ಕ ಮುಗಿಸಿದ ಮೇಲೆ ಒಂದು ವಿವರಣಾ ಪತ್ರ ಕಳಿಸುತ್ತದೆ. ಅದು ಬಿಲ್ ಅಲ್ಲ. ಒಪ್ಪಂದದ ದರ ಎಷ್ಟು, ಕಂಪನಿ ಕೊಟ್ಟದ್ದೆಷ್ಟು, ನಿಮ್ಮ ಪಾಲೆಷ್ಟು ಎಂದು ಅದರಲ್ಲಿರುತ್ತದೆ. ಅದು ಬರುವ ಮೊದಲೇ ಹೆದರಿ ಆಸ್ಪತ್ರೆಗೆ ಪೂರ್ತಿ ಹಣ ಕಟ್ಟಬೇಡಿ. ಕ್ಲೇಮ್ ತಿರಸ್ಕಾರವಾದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ಮೇಲ್ಮನವಿ ಸಲ್ಲಿಸಿ. ಹಳೆಯ ಕಾಯಿಲೆ ಎಂಬ ಕಾರಣವಾದರೆ ಊರಿನ ವೈದ್ಯರಿಂದ ಹಿಂದೆ ಈ ಲಕ್ಷಣ ಇರಲಿಲ್ಲ, ಹೊರಡುವಾಗ ಆರೋಗ್ಯ ಸ್ಥಿರವಾಗಿತ್ತು ಎಂಬ ಪತ್ರ ಮತ್ತು ಆಗಿನ ವರದಿಗಳೇ ಗಟ್ಟಿ ಸಾಕ್ಷಿ. ಅಷ್ಟಾದರೂ ಉಳಿದ ಬಿಲ್ಲಿಗೆ ದಾರಿ ಇದೆ. ಲಾಭರಹಿತ ಆಸ್ಪತ್ರೆಗಳು ಆರ್ಥಿಕ ನೆರವಿನ ನೀತಿ ಇಟ್ಟುಕೊಳ್ಳಲೇಬೇಕೆಂದು ಕಾನೂನಿದೆ. ಅರ್ಜಿ ಹಾಕಿ ರಿಯಾಯಿತಿ ಕೇಳಬಹುದು, ಬಡ್ಡಿಯಿಲ್ಲದ ಕಂತು ಕೇಳಬಹುದು.

ಬೇರೆ ದೇಶವಾದರೆ

ಕೆನಡಾದ ಸೂಪರ್ ವೀಸಾದಲ್ಲಿ ಅಪ್ಪ-ಅಮ್ಮ ಒಮ್ಮೆಗೆ ಐದು ವರ್ಷದವರೆಗೆ ಇರಬಹುದು, ಆದರೆ ಕನಿಷ್ಠ 1 ಲಕ್ಷ ಕೆನಡಾ ಡಾಲರಿನ, ಒಂದು ವರ್ಷದ ವಿಮೆ ಕಡ್ಡಾಯ. 2025ರ ಜನವರಿಯಿಂದ, ಅಲ್ಲಿನ ನಿಯಂತ್ರಕರ ಒಪ್ಪಿಗೆ ಇರುವ ವಿದೇಶಿ ಕಂಪನಿಯದೂ ನಡೆಯುತ್ತದೆ. ಯುರೋಪಿನ ಷೆಂಗೆನ್ ದೇಶಗಳ 90 ದಿನದ ವೀಸಾಕ್ಕೆ 30,000 ಯೂರೋ ವಿಮೆ ಬೇಕು. ಬ್ರಿಟನ್ನಿಗೆ ಆರು ತಿಂಗಳಿಗಿಂತ ಹೆಚ್ಚು ಕಾಲಕ್ಕೆ ಓದಲು, ದುಡಿಯಲು ಹೋಗುವವರು ವೀಸಾ ಜೊತೆಗೇ ಆರೋಗ್ಯ ಶುಲ್ಕ ಕಟ್ಟುತ್ತಾರೆ. 2024ರ ಫೆಬ್ರವರಿಯಿಂದ ಇದು ವರ್ಷಕ್ಕೆ 1,035 ಪೌಂಡ್, ವಿದ್ಯಾರ್ಥಿಗಳಿಗೆ 776. ಸಂದರ್ಶಕರಾಗಿ ಹೋದ ಅಪ್ಪ-ಅಮ್ಮಂದಿರಿಗೆ ಆ ಸೌಲಭ್ಯವಿಲ್ಲ, ಆಸ್ಪತ್ರೆಗೆ ದಾಖಲಾದರೆ ಸರ್ಕಾರಿ ದರದ ಒಂದೂವರೆ ಪಟ್ಟು ಕೊಡಬೇಕು.

ಅಮೆರಿಕಕ್ಕೇ ಜೆ-1 ವೀಸಾದಲ್ಲಿ ಹೋಗುವ ಸಂಶೋಧಕರಿಗೂ ಅವರ ಕುಟುಂಬಕ್ಕೂ ವಿಮೆ ಕಡ್ಡಾಯ: ಪ್ರತಿ ಕಾಯಿಲೆ ಅಥವಾ ಅಪಘಾತಕ್ಕೆ 1 ಲಕ್ಷ ಡಾಲರ್, ಚಿಕಿತ್ಸೆಗಾಗಿ ಸ್ಥಳಾಂತರಕ್ಕೆ 50,000, ಪಾರ್ಥಿವ ಶರೀರ ಊರಿಗೆ ಕಳಿಸಲು 25,000, ಡಿಡಕ್ಟಿಬಲ್ 500 ಮೀರುವಂತಿಲ್ಲ. ಸ್ಥಳಾಂತರ, ಪಾರ್ಥಿವ ಶರೀರ ಕಳಿಸುವುದು ಈ ಎರಡು ಸೌಲಭ್ಯ ಅಪ್ಪ-ಅಮ್ಮನ ಪಾಲಿಸಿಯಲ್ಲೂ ಇವೆಯೇ ಎಂದು ನೋಡಿ. ಕೇಳಲು ಕಷ್ಟವಾದರೂ ಬೇಕಾದ ಪ್ರಶ್ನೆ ಅದು.

ಕರಾವಳಿಯಿಂದಲೂ ಉಳಿದ ಜಿಲ್ಲೆಗಳಿಂದಲೂ ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವವರ ಲೆಕ್ಕ ಇನ್ನೂ ಬೇರೆ. ಅಲ್ಲಿ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸ ಕೊಟ್ಟವರ ಹೊಣೆ. ಯುಎಇಯಲ್ಲಿ ಅಬುಧಾಬಿ, ದುಬೈಗಳಲ್ಲಿ ಮೊದಲೇ ಇದ್ದ ಈ ನಿಯಮ 2025ರ ಜನವರಿ 1ರಿಂದ ಉಳಿದ ಎಮಿರೇಟ್‌ಗಳಿಗೂ ಬಂದಿದೆ. ಇದಲ್ಲದೆ, ವಲಸೆ ಅನುಮತಿ ಬೇಕಾಗುವ ಪಾಸ್‌ಪೋರ್ಟಿನವರಿಗೆ ಭಾರತ ಸರ್ಕಾರದ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿ. ಈ ಪಾಲಿಸಿಯ ಪ್ರತಿ ಊರಿನ ಮನೆಯಲ್ಲೂ ಇರಬೇಕು.

ಊರಿನ ಪಾಲಿಸಿ ನಿಲ್ಲಿಸಬೇಡಿ

ಆರು ತಿಂಗಳು ಇರುವುದಿಲ್ಲವೆಂದು ಇಲ್ಲಿನ ಆರೋಗ್ಯ ವಿಮೆಯ ನವೀಕರಣ ಬಿಡುವವರಿದ್ದಾರೆ. ಸಂದರ್ಶಕರ ಪಾಲಿಸಿ ಭಾರತಕ್ಕೆ ಮರಳಿದ ಮೇಲಿನ ಚಿಕಿತ್ಸೆಗೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಅಲ್ಲಿ ಸ್ಥಿತಿ ಸುಧಾರಿಸಿ, ಮುಂದಿನ ಆಪರೇಷನ್‌ಗೆ ಊರಿಗೆ ಬನ್ನಿ ಎಂದು ಕಳಿಸಿದರೆ ಕೈಹಿಡಿಯುವುದು ಇಲ್ಲಿನ ಪಾಲಿಸಿಯೇ. ಅದು ತಪ್ಪಿಹೋಗಿದ್ದರೆ ಹೊಸದನ್ನು ಕೊಳ್ಳಬೇಕು, ಮೊದಲೇ ಇದ್ದ ಕಾಯಿಲೆಗಳಿಗೆ ಕಾಯುವ ಅವಧಿ ಮತ್ತೆ ಶುರುವಾಗುತ್ತದೆ. 2024ರ ನಿಯಮದಂತೆ ಅದು ಗರಿಷ್ಠ 36 ತಿಂಗಳು. ವರ್ಷಕ್ಕೊಮ್ಮೆ ಕಟ್ಟುವ ಪಾಲಿಸಿಗೆ ಗಡುವು ಮೀರಿದ ಮೇಲೂ 30 ದಿನದ ಕಾಲಾವಕಾಶ ಇದೆ, ಆದರೆ ನವೀಕರಣ ನೆನಪಿಸುವ ಸಂದೇಶ ಬರುವುದು ಅಪ್ಪನ ಭಾರತದ ಮೊಬೈಲ್ ಸಂಖ್ಯೆಗೆ. ಹೊರಡುವ ಮೊದಲೇ ಮಕ್ಕಳ ಇಮೇಲ್ ಸೇರಿಸಿ, ನವೀಕರಣದ ತಾರೀಖು ಆ ಆರು ತಿಂಗಳೊಳಗೆ ಬರುವುದಾದರೆ ಬ್ಯಾಂಕ್ ಖಾತೆಯಿಂದ ತಾನಾಗಿ ಕಟ್ಟಿಹೋಗುವಂತೆ ವ್ಯವಸ್ಥೆ ಮಾಡಿಸಿಡಿ.